ಸೀಳುಬಂಡೆಯ ಪಕ್ಕದ ಬಯಲು

ಇಪ್ಪತ್ತೊಂಬತ್ತು ವರ್ಷಗಳಿಂದ ಆ ಘಟ್ಟದ ರಸ್ತೆಯನ್ನು ಉಪಾಯವಾಗಿ ತಪ್ಪಿಸುತ್ತ ಬಂದವಳು ನಾನು. ಒಂದು ಬೇಸಿಗೆಗೆ ಆಡುಗಳ ನೆಪ, ಇನ್ನೊಂದಕ್ಕೆ ಹುಲ್ಲು ಕೊಯ್ಲಿನ ನೆಪ. ಈ ವರ್ಷ ಆಡುಗಳನ್ನು ಮಾರಿದೆವು, ನನ್ನ ನೆಪಗಳೂ ಅವುಗಳ ಜೊತೆಗೇ ಹೋದವು. ಜುಲೈ ಬಂದದ್ದೇ ತಡ, ನನ್ನ ಗಂಡ ಸ್ವೈನುಂಗ್ ನನ್ನ ತಂಗಿಯ ಕ್ಯಾರವಾನನ್ನು ಎರವಲು ತಂದು ಅಂಗಳದಲ್ಲಿ ನಿಲ್ಲಿಸಿದ.

"ಐದು ದಿನ, ಗುನ್ವೋರ್! ಕಣಿವೆ ಹಿಡಿದು ಮೇಲೆ ಹೋಗೋದು, ಘಟ್ಟ ಹತ್ತೋದು, ಸರೋವರಗಳನ್ನ ಸುತ್ತಿಕೊಂಡು ಆ ಕಡೆಯಿಂದ ಮನೆಗೆ. ಒಂದು ದಿನ ಮಾತ್ರ ನಮ್ಮ ಜಾಗದಲ್ಲೇ ತಂಗಬೇಕು."

"ಯಾವ ಜಾಗ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಯಾವುದಂತೆ! ನಾನು ನಿನ್ನನ್ನ ಕಾಪಾಡಿದ ಜಾಗ."

ಕಾಪಾಡಿದನಂತೆ! ಈ ಕತೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಚಳಿಗಾಲದಲ್ಲಿ ಬಿರುಗಾಳಿ ಎದ್ದರೆ ನಮ್ಮ ಘಟ್ಟಗಳಲ್ಲಿ ಕಾರುಗಳನ್ನು ಬಿಡಿಬಿಡಿಯಾಗಿ ಬಿಡುವುದಿಲ್ಲ. ಹಿಮ ತಳ್ಳುವ ಲಾರಿಯ ಹಿಂದೆ ಸಾಲುಗಟ್ಟಿ, ಮುಂದಿನವನ ಕೆಂಪು ದೀಪ ನೋಡುತ್ತ ಹೋಗಬೇಕು. ಆ ಮಾರ್ಚಿನ ಬೆಳಿಗ್ಗೆ ಲಾರಿಯಲ್ಲಿದ್ದವನು ಸ್ವೈನುಂಗ್. ಆ ಘಟ್ಟಕ್ಕೆ ಹೊಸಬ. ಹಿಂದಿದ್ದ ಎಂಟು ಕಾರುಗಳಲ್ಲಿ ಮೂರನೆಯದು ನನ್ನದು. ರಸ್ತೆಯ ಗುರುತಿಗೆ ನೆಟ್ಟ ಕಂಬಗಳು ಕಾಣದಾದಾಗ ಅವನು ಎಲ್ಲರನ್ನೂ ಒಂದು ಸಮತಟ್ಟಿಗೆ ಇಳಿಸಿ ನಿಲ್ಲಿಸಿದ. ಏಳು ಗಂಟೆ ಹೊತ್ತು ನಿಂತೆವು. ಮಧ್ಯಾಹ್ನ ಮೂರಕ್ಕೆ ಗಾಳಿ ನಿಂತಾಗ ಲಾರಿಯ ಮುಂದೆ ಇಪ್ಪತ್ತು ಹೆಜ್ಜೆಯಲ್ಲಿ ನೆತ್ತಿ ಸೀಳಿದ ಒಂದು ಬಂಡೆ ಕಂಡಿತು, ಹಿಂದೆ ಕಂಬಗಳ ಸಾಲು ಕಂಡಿತು. ಒಬ್ಬರಿಗೂ ಏನೂ ಆಗಲಿಲ್ಲ. "ಹಿಮ ಕುಸಿಯದ ಬಯಲು ಹುಡುಕಿ ನಿಲ್ಲಿಸಿದೆ. ಆಗ ಒಬ್ಬಳು ಹುಡುಗಿ ಕಾಫಿ ತಂದು ಕೊಟ್ಟಳು, ಅವಳೇ ಇವಳು" ಎಂದು ಪ್ರತಿ ಕ್ರಿಸ್ಮಸ್‌ಗೂ ಹೇಳುತ್ತಾನೆ. ನನ್ನ ಪಾಲಿಗೆ ಆ ಕತೆಯಲ್ಲಿ ಇರುವುದು ಅದೊಂದು ಲೋಟ ಕಾಫಿ.

ಅದು ಬಯಲಲ್ಲ, ಸರೋವರ. ಹೆಪ್ಪುಗಟ್ಟಿದ ಸರೋವರದ ಮೇಲೆ ನಮ್ಮನ್ನು ತಂದು ನಿಲ್ಲಿಸಿದ್ದ ಪುಣ್ಯಾತ್ಮ. ಅಪ್ಪನ ಜೊತೆ ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತ ಬೆಳೆದವಳು ನಾನು. ಕಾಫಿ ಹಿಡಿದು ಕಾರಿನಿಂದ ಇಳಿದಾಗ ಕಾಲಡಿಯಿಂದ ಮಂಜುಗಡ್ಡೆಯ ಆ ದೀರ್ಘವಾದ ನರಳಿಕೆ ಕೇಳಿಸಿತು. ಕೂಗಿದರೆ ಎಲ್ಲರೂ ಒಟ್ಟಿಗೇ ಗಾಡಿ ತಿರುಗಿಸುತ್ತಾರೆ, ಮಂಜುಗಡ್ಡೆ ಒಡೆಯುತ್ತದೆ. ಅದಕ್ಕೇ ಗಾಳಿಯಲ್ಲಿ ದಾರಿ ತಪ್ಪದಂತೆ ನನ್ನ ಕಾರಿಗೂ ಸೊಂಟಕ್ಕೂ ಹಗ್ಗ ಕಟ್ಟಿಕೊಂಡು ಒಂದೊಂದೇ ಕಾರಿನ ಕಿಟಕಿ ತಟ್ಟಿ, "ಒತ್ತಾಗಿ ನಿಲ್ಲಬೇಡಿ, ಒಬ್ಬೊಬ್ಬರಾಗಿ ಮೂವತ್ತು ಹೆಜ್ಜೆ ದೂರ ಸರೀರಿ, ಲಾರಿ ಡ್ರೈವರ್ ಹೇಳಿದ್ದಾರೆ" ಎಂದೆ. ಇಪ್ಪತ್ತೈದರ ಹುಡುಗಿಯ ಮಾತನ್ನು ಯಾರು ಕೇಳುತ್ತಿದ್ದರು? ಅವನ ಹೆಸರು ಹೇಳಿದ್ದರಿಂದ ಕೇಳಿದರು.

ಆಮೇಲೆ ರಸ್ತೆ ಇಲಾಖೆಯಿಂದ ಮೆಚ್ಚುಗೆಯ ಕಾಗದ ಬಂತು. 'ಕಾರುಗಳನ್ನು ದೂರ ದೂರ ನಿಲ್ಲಿಸಿದ ಚಾಲಕನ ಮುಂದಾಲೋಚನೆ' ಎಂದು ಅದರಲ್ಲಿದೆ. ಸ್ವೈನುಂಗ್ ಅದಕ್ಕೆ ಚೌಕಟ್ಟು ಹಾಕಿಸಿದ. "ಹಾಗೆ ಹೇಳಿದ ನೆನಪೇ ಇಲ್ಲ ನಂಗೆ. ಆದ್ರೆ ಹೇಳಿರ್ತೀನಿ" ಎನ್ನುತ್ತಾನೆ. ಅಷ್ಟರಲ್ಲಿ ನಮ್ಮ ಮದುವೆ ಗೊತ್ತಾಗಿತ್ತು. ಅವನು ನಮ್ಮೂರಿಗೆ ಬಂದು ಕೆಳಗಿನ ರಸ್ತೆಗಳಲ್ಲಿ ಕೆಲಸ ಹಿಡಿದ. ಹೇಳೋಣ ಹೇಳೋಣ ಎಂದುಕೊಂಡೇ ನಾನು ವರ್ಷಗಳನ್ನು ತಳ್ಳಿದೆ.

ಈಗ ಅದೇ ಕಾಗದದ ಬಲದಿಂದ, ಅಕ್ಟೋಬರಿನಿಂದ ಹೊಸ ಡ್ರೈವರುಗಳಿಗೆ ಪಾಠ ಹೇಳಲು ಅವನನ್ನು ಕರೆದಿದ್ದಾರೆ. ಗಂಡಸು ಹಿಗ್ಗಿ ಹೀರೇಕಾಯಾಗಿದ್ದಾನೆ. ನಿಜ ತಿಳಿದರೆ ಆ ಕೆಲಸ ಒಲ್ಲೆ ಎನ್ನುವುದು ಖಂಡಿತ. ಆಡೂ ಇಲ್ಲ, ಪಾಠವೂ ಇಲ್ಲ ಎಂದಾದರೆ ಮೂಲೆ ಹಿಡಿದು ಕೂತುಬಿಡುತ್ತಾನೆ. ನನಗಿದ್ದ ಭಯ ಅದೇ.

ಮೊದಲ ಎರಡು ದಿನ ಚೆನ್ನಾಗಿಯೇ ಕಳೆದವು. ಹೊಳೆಯ ಪಕ್ಕ ಗಾಡಿ ನಿಲ್ಲಿಸಿ, ಒಣರೊಟ್ಟಿಗೆ ಕಂದು ಚೀಸ್ ಹಚ್ಚಿ ತಿಂದೆವು. ಟ್ರೌಟ್ ಮೀನು ಬೆಣ್ಣೆಯಲ್ಲಿ ಹುರಿದೆವು. ಸ್ವೈನುಂಗ್ ಪ್ರತಿ ತಿರುವಿನಲ್ಲೂ "ಇಲ್ಲಿ ಹಿಮ ಎರಡಾಳು ಎತ್ತರ ಬೀಳತ್ತೆ" ಎಂದು ಹುಲ್ಲನ್ನು ತೋರಿಸುತ್ತಿದ್ದ. ಮೂರನೆಯ ದಿನ ಘಟ್ಟದ ಮೇಲೆ ಕವಲು ಬಂತು.

"ಎಡಕ್ಕೆ ಹೋಗೋಣ. ಅಲ್ಲಿ ಜಲಪಾತ ಇದೆಯಂತೆ" ಎಂದೆ.

"ಜಲಪಾತ ನಮ್ಮನೆ ಹಿತ್ತಲಲ್ಲೇ ಇದೆಯಲ್ಲೇ ಮಾರಾಯ್ತಿ" ಎಂದು ಬಲಕ್ಕೆ ತಿರುಗಿಸಿದ.

ಹತ್ತು ನಿಮಿಷದಲ್ಲಿ ಸರೋವರ ಕಂಡಿತು. ತಿಳಿಯಾಗಿ, ನೀಲಿಯಾಗಿ, ಏನೂ ಅರಿಯದ ಹಾಗೆ ಮಲಗಿತ್ತು. ದಡದಿಂದ ದೂರ, ನೀರಿನ ನಡುವೆ ನೆತ್ತಿ ಸೀಳಿದ ಬಂಡೆ. ಸ್ವೈನುಂಗ್ ಗಾಡಿ ನಿಲ್ಲಿಸಿದ. ಇಳಿದ. ರಸ್ತೆ ನೋಡಿದ, ಬಂಡೆ ನೋಡಿದ, ಮತ್ತೆ ರಸ್ತೆ ನೋಡಿದ. ನನ್ನ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತು" ಎಂದ.

"ಗೊತ್ತಿತ್ತು."

"ಯಾವತ್ತಿಂದ?"

"ಆವತ್ತಿಂದಲೇ. ಕಾರುಗಳನ್ನ ದೂರ ಸರಿಸಿದ್ದೂ ನಾನೇ, ನಿನ್ನ ಹೆಸರು ಹೇಳಿ."

"ಎಂಟು ಕಾರು, ಹತ್ತೊಂಬತ್ತು ಜನ" ಎಂದು ಗೊಣಗಿದ. ಆಮೇಲೆ ಸಿಟ್ಟು ಬಂತು. "ಇಷ್ಟು ವರ್ಷ ನಾನು ಬಡಾಯಿ ಕೊಚ್ಚಿಕೊಳ್ತಾ ಇದ್ರೆ ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ! ಗೋಡೆ ಮೇಲೆ ಆ ಕಾಗದ ಬೇರೆ! ನಾಚಿಕೆಯಾಗತ್ತೆ ನಂಗೆ. ಅಕ್ಟೋಬರೂ ಬೇಡ, ಗಿಕ್ಟೋಬರೂ ಬೇಡ. ನಾಳೆನೇ ಫೋನ್ ಮಾಡಿ ಬರಲ್ಲ ಅಂತೀನಿ."

"ನೀನು ಖುಷಿಯಾಗಿದ್ದೆ. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ" ಎಂದೆ. ಅದು ಅರ್ಧ ಸತ್ಯ. ಇನ್ನರ್ಧವನ್ನೂ ಹೇಳಿಯೇಬಿಟ್ಟೆ: "ನನಗೂ ಹೊಟ್ಟೆ ಉರಿದಿದೆ ಸ್ವೈನುಂಗ್. ಪ್ರತಿ ಕ್ರಿಸ್ಮಸ್‌ಗೂ ಉರಿದಿದೆ."

ಅವನು ಸಂಜೆಯಿಡೀ ಗಾಳ ಹಿಡಿದು ದಡದಲ್ಲಿ ಕೂತ. ಹುಳು ಸಿಕ್ಕಿಸಿರಲೇ ಇಲ್ಲ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ದಡದ ಕೊಟ್ಟಿಗೆಯ ಒಡತಿ ಬೋರ್ಘಿಲ್ದ್ ಹತ್ತಿರ ದೋಣಿ ಕೇಳಿ ತಂದಿದ್ದ. "ಹತ್ತು" ಎಂದ, ಅಷ್ಟೇ. ಬಂಡೆಯವರೆಗೆ ಹುಟ್ಟು ಹಾಕಿದ.

"ಯಾವ ಕಾರು ಎಲ್ಲಿತ್ತು? ತೋರಿಸು."

ತೋರಿಸಿದೆ. ಎಂಟು ಕಡೆಗೂ ದೋಣಿ ನಡೆಸಿ, ಪ್ರತಿ ಕಡೆಯೂ ಒಂದು ಗಳಿಗೆ ನಿಲ್ಲಿಸಿದ. ಮೂರನೆಯದರ ಹತ್ತಿರ ತುಸು ಹೆಚ್ಚೇ ನಿಲ್ಲಿಸಿದ. ಕೊನೆಗೆ ತನ್ನ ಲಾರಿ ನಿಂತಿದ್ದ ಜಾಗದಲ್ಲಿ ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟಿ ಕೆಳಗೆ ಬಿಟ್ಟ. ದಾರ ಇಳಿಯುತ್ತಲೇ ಹೋಯಿತು. ಮೇಲಕ್ಕೆಳೆದು, ಕೈ ಚಾಚಿ ಚಾಚಿ ಅಳೆದ.

"ಹದಿನಾಲ್ಕು ಮಾರು" ಎಂದ. ನನ್ನ ಕಣ್ಣಲ್ಲಿ ನೀರು ಬಂತು.

ದಾರ ಸುತ್ತುತ್ತ ಹೇಳಿದ: "ಅಕ್ಟೋಬರಲ್ಲಿ ಹೋಗ್ತೀನಿ. ಆ ಹುಡುಗರಿಗೆ ಮೊದಲು ಇದನ್ನೇ ಹೇಳಬೇಕು, ಹದಿನಾಲ್ಕು ಮಾರು ಅಂತ. ನೀನೂ ಬಾ."

"ನಾನು ಬಂದು ಏನು ಮಾಡಲಿ? ಕಾಫಿ ಕೊಡಲಾ?"

"ಕಾಫಿ ನಾನು ಕೊಡ್ತೀನಿ. ಕತೆ ನೀನು ಹೇಳು."