ಜಾಝ್ ಕೇಳಿದ ಕೆಳಮನೆಯವರು

ಬಿಜೈಯಲ್ಲಿ ನಮ್ಮ ಕೆಳಮನೆಯವರು ಮದುವೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ನನ್ನ ಜಾಝ್ ಸಹಿಸಲಾರದೆ ಒಂದು ಭಾನುವಾರ ಮೇಲೆ ಬಂದರು.

"ಮೂರು ವಾರ ಕೇಳ್ತೇನೆ. ಲಾಯ್ಕ್ ಇಲ್ಲದಿದ್ರೆ ನೀನು ಸ್ಪೀಕರ್ ಬಂದ್ ಮಾಡ್ಬೇಕು."

ಅಂದು ಕುಣಿತದ ಸ್ವಿಂಗ್ ಜಾಝ್ ಹಾಕಿದೆ. ಕಾಲು ಕುಣಿಸುತ್ತಾ, "ಇದು ದಿಬ್ಬಣಕ್ಕೆ ಆಗ್ತದೆ" ಎಂದರು. ಮುಂದಿನ ವಾರ ನಿಧಾನದ ಕೂಲ್ ಜಾಝ್. ಕಣ್ಣು ಮುಚ್ಚಿಕೊಂಡೇ, "ಇದು ಊಟಕ್ಕೆ ಆಗ್ತದೆ, ಪಾಯಸ ಬರುವಾಗ." ಎರಡನ್ನೂ ತಾರೀಕು ಹಾಕಿ ಡೈರಿಯಲ್ಲಿ ಬರೆದುಕೊಂಡೆ.

ಮೂರನೆಯ ವಾರ ಧೈರ್ಯ ಮಾಡಿ ಫ್ರೀ ಜಾಝ್ ಹಾಕಿದೆ. ವಾದ್ಯಗಳೆಲ್ಲ ಒಟ್ಟಿಗೆ ಕಿರುಚಿದವು. ನನ್ನ ಸ್ಪೀಕರಿನ ಕಥೆ ಮುಗಿಯಿತು ಎಂದುಕೊಂಡೆ. ಅವರು ತಟ್ಟನೆ ಎದ್ದು ನಿಂತರು.

"ಗಟ್ಟಿಮೇಳ! ಸೌಂಡ್ ಜಾಸ್ತಿ ಮಾಡು!"

ಅಕ್ಷತೆ ಎಸೆಯುವವರಂತೆ ಕೈ ಎತ್ತಿದರು. ಹತ್ತು ನಿಮಿಷವಾದರೂ ವಾದ್ಯಗಳು ನಿಲ್ಲಲಿಲ್ಲ, ಕೈಯೂ ಇಳಿಯಲಿಲ್ಲ. ಕೊನೆಗೆ ನನ್ನ ಕಿವಿಯ ಬಳಿ ಬಾಗಿದರು.

"ಇನ್ನೂ ತಾಳಿ ಕಟ್ಟಿ ಆಗ್ಲಿಲ್ವಾ ಮಾರಾಯ?"