ದಿನೇಶನಿಗೆ ಭಕ್ತಿ ಬಂದ ಕಾರಣ

ಕುವೈತಿನ ಸ್ನೇಹಿತರೇ, ಅಬು ಹಲೀಫಾದಲ್ಲಿ ಯಾರ ರೂಮಿನಲ್ಲಾದರೂ ಬೆಡ್‌ಸ್ಪೇಸ್ ಖಾಲಿ ಇದ್ದರೆ ಇವತ್ತೇ ತಿಳಿಸಿ. ಮಂಗಫ್‌ನ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತು ಇದನ್ನು ಬರೆಯುತ್ತಿದ್ದೇನೆ.

ನನ್ನ ರೂಮ್‌ಮೇಟ್ ದಿನೇಶ (ಹೆಸರು ಬದಲಿಸಿದ್ದೇನೆ) ದೇವರೆಂದರೆ ನಗುತ್ತಿದ್ದವನು. ಈಚೆಗೆ ನಾನು ಡ್ಯೂಟಿಯಿಂದ ಬರುವ ಮೊದಲೇ ನನ್ನ ಗಣಪತಿ ಫೋಟೊಗೆ ಊದುಬತ್ತಿ ಹಚ್ಚಿಡುತ್ತಿದ್ದ. ಒಂದೆರಡಲ್ಲ, ರೂಮು ತುಂಬ ಹೊಗೆ. ಹುಡುಗ ಸರಿಯಾದ ಎಂದು ಅಮ್ಮನಿಗೂ ಫೋನಿನಲ್ಲಿ ಹೇಳಿದ್ದೆ.

ದಿನಾ ಗಾಜು ಮಾತ್ರ ಒರೆಸುವ ನಾನು ಇಂದು ಶುಕ್ರವಾರದ ರಜೆಯೆಂದು ಫೋಟೊವನ್ನೇ ಕೆಳಗಿಳಿಸಿದೆ. ಹಿಂಬದಿಯಲ್ಲಿ ಟೇಪು ಹಾಕಿ ಅಂಟಿಸಿದ ಪೊಟ್ಟಣ. ಒಳಗೆ ಗಾಂಜಾ.

"ಇದೆಂತ ಮಾರಾಯಾ! ಪೊಲೀಸ್ ಬಂದ್ರೆ ಇಬ್ಬರೂ ಒಳಗೆ!"

ಪಕ್ಕದ ಮಂಚದಲ್ಲಿದ್ದ ದಿನೇಶ ರೆಪ್ಪೆಯನ್ನೂ ಬಡಿಯಲಿಲ್ಲ. "ಇಬ್ಬರು ಯಾಕೆ? ಫೋಟೊ ನಿಂದು. ದಿನಾ ಒರೆಸುವುದು ನೀನು. ಬೆರಳಚ್ಚು ಪೂರಾ ನಿಂದೇ ಉಂಟು."

ಆಮೇಲೆ ಫೋಟೊವನ್ನು ಟವೆಲಿನಲ್ಲಿ ಹಿಡಿದು ಗೋಡೆಗೆ ತೂಗುಹಾಕಿದ. ಊದುಬತ್ತಿ ಹಚ್ಚಿದ. ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, "ಬಾ, ಕೈ ಮುಗಿ" ಎಂದ.

ಕೈ ಮುಗಿದೆ. ಇಷ್ಟು ವರ್ಷದ ಪೂಜೆಯಲ್ಲಿ ಇಂಥ ಏಕಾಗ್ರತೆ ನನಗೆ ಎಂದೂ ಬಂದಿರಲಿಲ್ಲ.