ಬಂಗಾರದ ‘ಅ’

ಕಲಬುರಗಿಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ರೇವಣ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತಾರೆ. ಅವರಿಗೆ ಇಂಗ್ಲಿಷಿನ ಒಂದು ಫಾಂಟ್ ಮೇಲೆ ಮೋಹ. ಬಲಕ್ಕೆ ವಾಲಿದ ಅಕ್ಷರಗಳು. ಕೆಳಗಿಳಿಯುವ ಗೆರೆ ದಪ್ಪ, ಮೇಲೇರುವ ಗೆರೆ ಕೂದಲೆಳೆ, ತುದಿಯಲ್ಲಿ ಚೂಪಾದ ಪುಟ್ಟ ಪಾದ. ಬಿಡುವಾದಾಗ ಕನ್ನಡದ ಅಕ್ಷರಗಳನ್ನು ಅದೇ ಹದಕ್ಕೆ ಬರೆದು ನೋಡುತ್ತಿದ್ದರು. ಮೊದಲು ಮನಸ್ಸಿಗೆ ಒಪ್ಪಿದ್ದು ‘ಅ’.

ಕಳೆದ ಮಾಘದಲ್ಲಿ ಅವರದೇ ಊರು ಕಮಲಾಪುರದ ನಾಗಣ್ಣ, ಮಗಳು ಅಮೃತಳ ಲಗ್ನಪತ್ರಿಕೆ ಮಾಡಿಸಲು ಬಂದರು. ರೇವಣ ಆ ‘ಅ’ವನ್ನು ದೊಡ್ಡದಾಗಿ, ಕಾಗದಕ್ಕೆ ಒತ್ತಿ ಅಂಟಿಸುವ ಬಂಗಾರದ ಫಾಯಿಲ್‌ನಲ್ಲಿ, ಉಳಿದೆರಡು ಅಕ್ಷರಗಳನ್ನು ಕುಂಕುಮಗೆಂಪಿನಲ್ಲಿ ಇಟ್ಟರು.

ಕಲಬುರಗಿಯಂಚಿನ ಕಪನೂರಿನ ಶೆಡ್ಡಿನಲ್ಲಿ ಫಾಯಿಲ್ ಒತ್ತುವ ಫಕ್ರುದ್ದೀನ್ ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದರು.

“ರೇವಣ ಭಾಯ್, ಗೆರಿ ಭಾಳ ಬಾರೀಕ್ ಅದಾವ. ಫಾಯಿಲ್ ಹಿಡಿಯಂಗಿಲ್ಲ. ಜರಾ ದಪ್ಪ ಮಾಡ್ರಿ.”

“ದಪ್ಪ ಮಾಡಿದ್ರ ಬಸ್ಸಿನ ಬೋರ್ಡ್ ಆಗ್ತದ.”

“ಆಗ್ಲಿ ಬಿಡ್ರಿ, ಬಸ್ಸಿನ ಬೋರ್ಡ್ ಓದಾಕರೆ ಬರ್ತದ!”

ಶೆಡ್ಡಿನಲ್ಲಿದ್ದವರು ನಕ್ಕರು. ಆ ನಗು ಸಹಿಸಲಾಗಲಿಲ್ಲ ಎಂದು ರೇವಣ ಈಗ ಹೇಳುತ್ತಾರೆ. ಹಾಗೇ ಒತ್ತಲು ಹೇಳಿ ಎದ್ದು ಬಂದರು.

ಪತ್ರಿಕೆಗಳು ಕೈಸೇರಿದ ನಾಲ್ಕನೆಯ ದಿನ ನಾಗಣ್ಣನ ಫೋನ್ ಬಂತು.

“ಪತ್ರಿಕಿ ನಲವತ್ತು ಮನಿಗಿ ಕೊಟ್ಟೀವಿ, ರೇವಣ. ಲಗ್ನಕ್ಕ ಬರಬೇಕೋ, ಮಣ್ಣಿಗಿ ಬರಬೇಕೋ ಅಂತ ನಮ್ಮ ಬೀಗರು ಕೇಳಾಕತ್ತಾರ. ನೀನೇ ಓದಿ ನೋಡು.”

ರೇವಣ ಅಂಗಡಿಯಲ್ಲಿದ್ದ ಪ್ರತಿಯನ್ನು ತೆಗೆದು ನೋಡಿದರು. ‘ಅ’ದ ಕೂದಲೆಳೆಗಳು ಉದುರಿಹೋಗಿದ್ದವು. ಉಳಿದ ದಪ್ಪ ತುಂಡುಗಳು ಅಂಚಿನ ಬಂಗಾರದ ಬಳ್ಳಿಯ ಎಲೆಗಳಂತೆ ಕಾಣುತ್ತಿದ್ದವು. ಮದುಮಗಳ ಹೆಸರಿನ ಜಾಗದಲ್ಲಿ ಕೆಂಪಗೆ ‘ಮೃತ’ ಎಂದಿತ್ತು.

ಎಲ್ಲ ವಾಪಸ್ ತಂದು ಬೇರೆ ಒತ್ತಿಸುತ್ತೇನೆ ಎಂದರು.

“ಕುಂಕುಮ ಹಚ್ಚಿ ಕೊಟ್ಟದ್ದು ವಾಪಸ್ ಕೇಳಾಕ ಬರಂಗಿಲ್ಲ. ನೀನೇ ಬಾ, ಅವರವರ ಮನ್ಯಾಗೇ ಕೂತು ತಿದ್ದು.”

ಮರುದಿನ ರೇವಣ ಕೆಂಪು ಮಾರ್ಕರ್ ಹಿಡಿದು ಕಮಲಾಪುರದಲ್ಲಿ ಮನೆಮನೆ ತಿರುಗಿದರು. ಬರೆದದ್ದು ನೆಟ್ಟಗಿನ, ದಪ್ಪನೆಯ, ಒಂದನೇ ತರಗತಿಯ ‘ಅ’. “ಸಾಲಿ ಈಗ ಶುರು ಆತೇನ್ರಿ?” ಎಂದು ಒಬ್ಬರು ಕೇಳಿದರು. ಕೆಲವರು ಪತ್ರಿಕೆ ಮುಂದಿಟ್ಟು ಒಳಗೆ ಹೋದರು.

ಕೊನೆಯ ಮನೆ ಅಮೃತಳ ತಾಯಿಯ ತಾಯಿ ಮಲ್ಕಮ್ಮನದು. ಪತ್ರಿಕೆ ದೇವರ ಜಗಲಿಯ ಮೇಲಿತ್ತು.

“ನಂಗ ಓದಾಕ ಬರಂಗಿಲ್ಲಪ. ಮೊಮ್ಮಗಳ ಹೆಸರಿನ್ಯಾಗ ಏನೋ ತಪ್ಪು ಬಿದ್ದದಂತಲ್ಲ. ಏನಂತ ಬಿದ್ದದ? ಓದು.”

ಉಳಿದ ಯಾವ ಮನೆಯಲ್ಲೂ ಯಾರೂ ಅವರಿಂದ ಅದನ್ನು ಓದಿಸಿರಲಿಲ್ಲ. ರೇವಣ ಮೊದಲು ‘ಅ’ ಬರೆದರು. ಆಮೇಲೆ ಓದಿದರು, “ಅಮೃತ.”

“ಮತ್ತ ಸರೀನೇ ಅದಲ್ಲ! ಅದಕ್ಕ್ಯಾಕ ತಲಿ ತಗ್ಗಿಸಿ ನಿಂತೀದಿ? ಕೂಡು, ಚಾ ಕುಡದು ಹೋಗು.”

ಅವರು ಕುಳಿತರು, ಚಹಾ ಕುಡಿದರು. ಓದಿದ್ದು ತಿದ್ದಿದ ಮೇಲೆ ಎಂಬುದನ್ನು ಮಾತ್ರ ಹೇಳಲಿಲ್ಲ.